ನೀರಿನೊಳಗಿನ ಮೀನು: ವಿಜಯನಗರದ ಛಾವಣಿ ಚಿತ್ರಗಳಲ್ಲಿ ಅರ್ಜುನ, ಪ್ರತಿಬಿಂಬ ಮತ್ತು ಸಂಕೇತ

ದ್ರೌಪದಿಯ ಸ್ವಯಂವರದಲ್ಲಿ ಬಿಲ್ಲುಗಾರ ಗುರಿಯನ್ನು ನೇರವಾಗಿ ನೋಡುವಂತಿಲ್ಲ. ಮೀನು ನೆತ್ತಿಯ ಮೇಲೆ ತಿರುಗುತ್ತಿರುತ್ತದೆ, ಕಣ್ಣು ಕಾಲಬಳಿಯ ನೀರಿನಲ್ಲಿ ನೆಟ್ಟಿರಬೇಕು, ಬಾಣ ಮೇಲಕ್ಕೆ ಹಾರಬೇಕು. ಹರಿಕಥೆ ಕೇಳಿ, ಯಕ್ಷಗಾನ ನೋಡಿ, ಗೋಡೆಯ ಕ್ಯಾಲೆಂಡರಿನ ಚಿತ್ರ ಕಂಡು ಬೆಳೆದವರಿಗೆ ಈ ದೃಶ್ಯ ಎಷ್ಟು ಪರಿಚಿತವೆಂದರೆ, ಮೂಲ ಮಹಾಭಾರತದಲ್ಲೇ ಇದು ಹೀಗಿದೆ ಎಂದು ಯಾರೂ ಅನುಮಾನಿಸುವುದಿಲ್ಲ. ಆದರೆ ಪುಣೆಯ ಭಂಡಾರ್ಕರ್ ಸಂಸ್ಥೆ ಸಿದ್ಧಪಡಿಸಿದ ಪರಿಷ್ಕೃತ ಪಾಠದ ಆದಿಪರ್ವದಲ್ಲಿ ಮೀನೂ ಇಲ್ಲ, ನೀರೂ ಇಲ್ಲ. ಅಲ್ಲಿ ಇರುವುದು ಬಗ್ಗಿಸಲು ಕಷ್ಟವಾದ ಒಂದು ಬಿಲ್ಲು, ಆಕಾಶದಲ್ಲಿ ತೂಗುಹಾಕಿದ ಒಂದು ಕೃತಕ ಯಂತ್ರ, ಅದರ ರಂಧ್ರದ ಆಚೆಗೆ ಒಂದು ಗುರಿ, ಮತ್ತು ಐದು ಬಾಣಗಳು. ಮೀನು ಮತ್ತು ಅದರ ಪ್ರತಿಬಿಂಬ ಕಥೆ ಹೇಳುವವರೂ ಕೆತ್ತುವವರೂ ಬರೆಯುವವರೂ ಕಾಲಕಾಲಕ್ಕೆ ಕೂಡಿಸಿದ ಸಂಗತಿ. ಬೇಲೂರಿನ ಚೆನ್ನಕೇಶವ ದೇವಾಲಯದ ಹೊತ್ತಿಗಾಗಲೇ ಶಿಲ್ಪಿಗಳಿಗೆ ಮತ್ಸ್ಯಭೇದನ ಒಗ್ಗಿಹೋದ ವಸ್ತುವಾಗಿತ್ತು. ವಿಜಯನಗರದ ಕಾಲಕ್ಕೆ ಅದು ಛಾವಣಿಯ ಚಿತ್ರಗಳಿಗೂ ಏರಿತು.

ಇಂಥ ಚಿತ್ರಗಳಲ್ಲಿ ಎರಡು ಮುಖ್ಯವಾದವು. ಒಂದು ಹಂಪಿಯ ವಿರೂಪಾಕ್ಷ ದೇವಾಲಯದ ಮಹಾರಂಗಮಂಟಪದ್ದು. ಮಂಟಪವನ್ನು ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1510ರಲ್ಲಿ ಕಟ್ಟಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಚಿತ್ರಗಳೂ ಅದೇ ಕಾಲದವೋ, ಶತಮಾನಗಳ ನಂತರ ಮತ್ತೆ ಬರೆದವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇನ್ನೊಂದು ಲೇಪಾಕ್ಷಿಯ ವೀರಭದ್ರ ದೇವಾಲಯದ್ದು. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿ ಇಂದು ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಆದರೆ ಗೋಡೆಯ ಮೇಲಿನ ಶಾಸನಗಳಲ್ಲಿ ಹಲವು ಕನ್ನಡದವು. ಅಚ್ಯುತರಾಯನ ಆಳ್ವಿಕೆಯಲ್ಲಿ (1529–1542) ವಿರೂಪಣ್ಣ, ವೀರಣ್ಣ ಎಂಬ ಸಹೋದರರು ಕಟ್ಟಿಸಿದ ಈ ದೇವಾಲಯದ ಚಿತ್ರಗಳ ಕಾಲದ ಬಗ್ಗೆ ಹಂಪಿಯಷ್ಟು ತಕರಾರಿಲ್ಲ. ವಿಜಯನಗರದ ಚಿತ್ರಕಲೆಯನ್ನು ತಿಳಿಯಲು ಲೇಪಾಕ್ಷಿಯೇ ಮೊದಲ ಆಧಾರ.

ಲೇಪಾಕ್ಷಿಯ ರಂಗಮಂಟಪದ ಕಂಬಗಳ ಮೇಲೆ ನರ್ತಕಿಯರೂ ವಾದ್ಯಗಾರರೂ ಇದ್ದಾರೆ. ತಲೆ ಎತ್ತಿದರೆ ತೊಲೆಗಳ ನಡುವಿನ ಉದ್ದನೆಯ ಪಟ್ಟಿಗಳಲ್ಲಿ ಗಿರಿಜಾಕಲ್ಯಾಣ, ಕರುವಿಗಾಗಿ ಮಗನನ್ನೇ ಶಿಕ್ಷಿಸಿದ ಚೋಳರಾಜನ ಕಥೆ, ರಾಮಪಟ್ಟಾಭಿಷೇಕ, ಆಲದೆಲೆಯ ಮೇಲಿನ ಕೃಷ್ಣ, ಕಿರಾತಾರ್ಜುನ ಪ್ರಸಂಗ, ದ್ರೌಪದೀ ಸ್ವಯಂವರ. ಒಳಮಂಟಪದ ಛಾವಣಿಯಲ್ಲಿ ವೀರಭದ್ರನ ಬೃಹತ್ ಚಿತ್ರವಿದೆ, ಅವನ ಪಾದದ ಬಳಿ ದೇವಾಲಯ ಕಟ್ಟಿಸಿದ ಅಣ್ಣತಮ್ಮಂದಿರು ಪರಿವಾರದೊಡನೆ ನಿಂತಿದ್ದಾರೆ. ಸುಣ್ಣದ ಗಾರೆಯ ಮೇಲೆ ಕೆಂಪು, ಕಾವಿ, ಹಳದಿ, ಹಸಿರು, ಬಿಳಿ, ಕಪ್ಪು ಬಣ್ಣಗಳು ಇವೆ, ನೀಲಿ ಇಲ್ಲ. ಆಕೃತಿಗಳ ಅಂಚು ಕಪ್ಪು ಗೆರೆ. ಮುಖಗಳು ಬಹುಮಟ್ಟಿಗೆ ಪಾರ್ಶ್ವನೋಟದವು, ಆದರೆ ಕಣ್ಣು ಎದುರಿನಿಂದ ಕಂಡಂತೆ ಅಗಲವಾಗಿ ತೆರೆದಿರುತ್ತದೆ. ನೆರಳು ಬರೆಯುವ ರೂಢಿ ಇಲ್ಲ. ದೂರ ಮತ್ತು ಹತ್ತಿರವನ್ನು ಬಣ್ಣದ ಗಾಢತೆಯಿಂದ ತೋರಿಸುವ ರೂಢಿಯೂ ಇಲ್ಲ.

ಇಲ್ಲಿಯೇ ಸಮಸ್ಯೆಯ ತಿರುಳಿದೆ. ನೆರಳನ್ನು ಬರೆಯದ, ನೀಲಿಯನ್ನು ಬಳಸದ, ಬೆಳಕಿನ ಹೊಳಪನ್ನು ತೋರಿಸದ ಶೈಲಿಯ ಚಿತ್ರಕಾರನಿಗೆ ಪ್ರತಿಬಿಂಬವೇ ಕಥೆಯ ಕೀಲಿಯಾದ ಪ್ರಸಂಗವನ್ನು ಕೊಟ್ಟರೆ ಅವನು ಏನು ಮಾಡಬೇಕು?

ಯುರೋಪಿನ ಚಿತ್ರಕಾರರಿಗೆ ಬೇರೆ ಉಪಾಯವಿತ್ತು. 1434ರಲ್ಲಿ ಯಾನ್ ವಾನ್ ಐಕ್ ಬರೆದ ಅರ್ನೊಲ್ಫಿನಿ ದಂಪತಿಯ ಚಿತ್ರದಲ್ಲಿ ಹಿಂಬದಿಯ ಗೋಡೆಯ ಉಬ್ಬುಗನ್ನಡಿ ಇಡೀ ಕೋಣೆಯನ್ನೂ, ಬಾಗಿಲಲ್ಲಿ ನಿಂತವರನ್ನೂ ತೋರಿಸುತ್ತದೆ. ಅರ್ಜುನನ ಪ್ರಸಂಗಕ್ಕೆ ಹೆಚ್ಚು ಹತ್ತಿರದ್ದು ಇಂಗ್ಲೆಂಡಿನ ಎಡ್ವರ್ಡ್ ಬರ್ನ್-ಜೋನ್ಸ್ 1880ರ ದಶಕದಲ್ಲಿ ಬರೆದ ಗ್ರೀಕ್ ಪುರಾಣದ ಚಿತ್ರ. ಅದು ಈಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದೆ. ಮೆಡೂಸಾಳ ತಲೆಯನ್ನು ನೇರವಾಗಿ ನೋಡಿದವರು ಕಲ್ಲಾಗುತ್ತಾರೆ. ಹಾಗಾಗಿ ಪರ್ಸಿಯಸ್ ಆ ತಲೆಯನ್ನು ಎತ್ತಿ ಹಿಡಿದು, ಎಂಟು ಮೂಲೆಯ ಅಮೃತಶಿಲೆಯ ಬಾವಿಯ ನೀರಿನಲ್ಲಿ ಅದರ ಬಿಂಬವನ್ನು ಆಂಡ್ರೊಮಿಡಾಗೆ ತೋರಿಸುತ್ತಾನೆ. ನೀರಿನಲ್ಲಿ ಮೂರು ಮುಖಗಳೂ ಒಟ್ಟಿಗೆ ಕಾಣುತ್ತವೆ. ಗ್ರೀಕ್ ಕಥೆಯಲ್ಲಿ ಪ್ರತಿಬಿಂಬ ನೋಡುವವರನ್ನು ಕಾಪಾಡುತ್ತದೆ, ಸ್ವಯಂವರದ ಕಥೆಯಲ್ಲಿ ಅದು ನೋಡುವವನನ್ನು ಪರೀಕ್ಷಿಸುತ್ತದೆ. ಬರ್ನ್-ಜೋನ್ಸ್‌ಗೆ ತೈಲವರ್ಣ, ನೆರಳು, ಹೊಳಪು ಎಲ್ಲವೂ ಕೈಗೆಟುಕಿದ್ದವು. ಆದ್ದರಿಂದ ಅವನ ಚಿತ್ರದಲ್ಲಿ ಅರ್ಥವನ್ನು ನೀರಿನಲ್ಲೇ ಹುಡುಕಬಹುದು. ಲೇಪಾಕ್ಷಿಯಲ್ಲಿ ಹುಡುಕಬೇಕಾದದ್ದು ಮೈಯಲ್ಲಿ.

ಭೌತಶಾಸ್ತ್ರದ ದೃಷ್ಟಿಯಿಂದ ಈ ಪಂದ್ಯ ಎಷ್ಟು ಕಠಿಣವೆಂದು ನೋಡಿದರೆ ಮೈಯ ಮಾತು ಸ್ಪಷ್ಟವಾಗುತ್ತದೆ. ನಿಂತ ನೀರು ಸಮತಲದ ಕನ್ನಡಿ. ಮೀನು ನೀರಿನ ಮಟ್ಟದಿಂದ ಎಷ್ಟು ಎತ್ತರದಲ್ಲಿದೆಯೋ ಬಿಂಬ ಅಷ್ಟೇ ಆಳದಲ್ಲಿ ಇರುವಂತೆ ತೋರುತ್ತದೆ. ನೀರಿನ ಮೇಲೆ ನೆಟ್ಟಗೆ ಬಿದ್ದ ಬೆಳಕಿನಲ್ಲಿ ಶೇಕಡ 2ರಷ್ಟು ಮಾತ್ರ ಹಿಂದಿರುಗುತ್ತದೆ, ಉಳಿದದ್ದು ಒಳಗೆ ಹೋಗುತ್ತದೆ. ಹಾಗಾಗಿ ಪಾತ್ರೆಯ ತಳ ಕಪ್ಪಾಗಿರದಿದ್ದರೆ ಬಿಂಬ ಸರಿಯಾಗಿ ಕಾಣುವುದೇ ಇಲ್ಲ. ಕೆಲವು ಹೇಳಿಕೆಗಳಲ್ಲಿ ನೀರಿನ ಬದಲು ಎಣ್ಣೆಯ ಕೊಪ್ಪರಿಗೆ ಬರುತ್ತದೆ. ಎಣ್ಣೆ ಸ್ವಲ್ಪ ಹೆಚ್ಚು ಬೆಳಕನ್ನು ಹಿಂದಿರುಗಿಸುತ್ತದೆ, ಅಲೆಯನ್ನೂ ಬೇಗ ತಣಿಸುತ್ತದೆ. ಇನ್ನೊಂದು ತೊಡಕು ತಿರುಗುವಿಕೆಯದು. ಮಲಗಿದ ಚಕ್ರವನ್ನು ಕೆಳಗಿನಿಂದ ತಲೆ ಎತ್ತಿ ನೋಡಿದಾಗ ಅದು ಬಲಕ್ಕೆ ಸುತ್ತುವಂತೆ ಕಂಡರೆ, ತಲೆ ತಗ್ಗಿಸಿ ನೀರಿನಲ್ಲಿ ನೋಡಿದಾಗ ಎಡಕ್ಕೆ ಸುತ್ತುವಂತೆ ಕಾಣುತ್ತದೆ. ಇಷ್ಟೆಲ್ಲದರ ಮೇಲೆ, ಹೆಜ್ಜೆ ಊರಿ ನಾಣನ್ನು ಎಳೆದಾಗ ನೆಲ ಅದುರಿ ನೀರು ಕದಡಿದರೆ ಗುರಿಯೇ ಚೂರುಚೂರಾಗುತ್ತದೆ. ಬಿಲ್ಲುಗಾರನ ತೋಳು ಮೇಲಕ್ಕೆ, ಕೊರಳು ಕೆಳಕ್ಕೆ, ಪಾದ ಅಲುಗದಂತೆ ಇರಬೇಕು. ಮೈ ಎರಡು ದಿಕ್ಕಿಗೆ ತಿರುಗಿರಬೇಕು, ಮನಸ್ಸು ಒಂದೇ ಕಡೆ ಇರಬೇಕು.

ಚಿತ್ರಕಾರನಿಗೆ ಸಿಕ್ಕ ದಾರಿ ಇದೇ. ಬಿಲ್ಲಿನ ದಿಕ್ಕು ಮತ್ತು ದೃಷ್ಟಿಯ ದಿಕ್ಕು ಬೇರೆಯಾಗಿವೆ ಎಂದು ತೋರಿಸಿದರೆ ಪ್ರತಿಬಿಂಬವನ್ನು ಬರೆದಂತೆಯೇ. ಪಾರ್ಶ್ವನೋಟದ ಮುಖ, ಅಗಲವಾಗಿ ತೆರೆದ ಕಣ್ಣು ಎಂಬ ವಿಜಯನಗರದ ರೂಢಿ ಇದಕ್ಕೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಪಾರ್ಶ್ವಮುಖದಲ್ಲಿ ನೋಟದ ಗೆರೆಯನ್ನು ಅಳೆಯಬಹುದು. ಮೂಗಿನ ತುದಿ ಎತ್ತ ಚಾಚಿದೆ, ಗಲ್ಲ ಎಷ್ಟು ಬಾಗಿದೆ ಎಂಬುದು ಒಂದೇ ಗೆರೆಯಲ್ಲಿ ತಿಳಿಯುತ್ತದೆ. ನೀಲಿಯಿಲ್ಲ, ಆಳವಿಲ್ಲ, ಆಕೃತಿಗಳು ಚಪ್ಪಟೆ ಎಂಬ ಕಾರಣಗಳಿಂದ ಲೇಪಾಕ್ಷಿಯ ಶೈಲಿಯನ್ನು ಅಜಂತೆಯ ಮುಂದೆ ಇಳಿಗಾಲದ್ದೆಂದು ಕರೆದದ್ದುಂಟು. ಆ ತೀರ್ಪು ಅವಸರದ್ದು. ದೃಷ್ಟಿಯ ದಿಕ್ಕೇ ಕಥೆಯಾದ ಪ್ರಸಂಗದಲ್ಲಿ ಚಪ್ಪಟೆತನವೇ ಅನುಕೂಲ.

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ನಿಲುವುಗಳನ್ನು ವಿಂಗಡಿಸುತ್ತದೆ, ಮೈ ತಿರುಗಿದಾಗ ಅಂಗಗಳು ಕುಗ್ಗುವ ಹಿಗ್ಗುವ ಲೆಕ್ಕವನ್ನೂ ಹೇಳುತ್ತದೆ. ನೃತ್ಯವನ್ನು ಅರಿಯದವನಿಗೆ ಚಿತ್ರ ಒಲಿಯದು ಎಂಬುದು ಅದರ ಮುಖ್ಯ ನಿಲುವು. ಲೇಪಾಕ್ಷಿಯಲ್ಲಿ ಇದು ಬರೀ ತತ್ತ್ವವಲ್ಲ. ಕಂಬಗಳಲ್ಲಿ ಕೆತ್ತಿದ ನರ್ತನ ಮತ್ತು ಛಾವಣಿಯಲ್ಲಿ ಬರೆದ ಬಿಲ್ಲುಗಾರ ಒಂದೇ ಮಂಟಪದಲ್ಲಿ ಮೇಲೆ ಕೆಳಗೆ ಇದ್ದಾರೆ. ಕನ್ನಡ ನಾಡಿನದೇ ಆದ ಇನ್ನೊಂದು ಶಾಸ್ತ್ರಗ್ರಂಥ ಇಲ್ಲಿ ಇನ್ನೂ ಹೆಚ್ಚು ನೆರವಾಗುತ್ತದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸ ಗೋಡೆಗೆ ಗಾರೆ ಹಚ್ಚುವುದು, ಎಮ್ಮೆಯ ತೊಗಲನ್ನು ಕುದಿಸಿ ವಜ್ರಲೇಪ ಮಾಡುವುದು, ಕುಂಚ ಕಟ್ಟುವುದು ಎಲ್ಲವನ್ನೂ ವಿವರಿಸಿ, ಚಿತ್ರಗಳನ್ನು ಬಗೆಬಗೆಯಾಗಿ ವಿಂಗಡಿಸುತ್ತದೆ. ಅದರ ಪ್ರಕಾರ ವಿದ್ಧಚಿತ್ರವೆಂದರೆ ಕನ್ನಡಿಯಲ್ಲಿನ ಪ್ರತಿಬಿಂಬದಂತೆ ಸಾದೃಶ್ಯವುಳ್ಳದ್ದು. ಶೃಂಗಾರಾದಿ ರಸಗಳನ್ನು ನೋಡಿದೊಡನೆ ಹುಟ್ಟಿಸುವ ಚಿತ್ರ ಇನ್ನೊಂದು ಬಗೆಯದು. ಕಲ್ಯಾಣದ ಅರಮನೆಯಲ್ಲಿ ಕುಳಿತ ಅರಸ ಕನ್ನಡಿಯನ್ನು ಚಿತ್ರದ ಒಂದು ಬಗೆಗೆ ಅಳತೆಗೋಲಾಗಿ ಇಟ್ಟ, ಎಲ್ಲ ಬಗೆಗೂ ಅಲ್ಲ. ಸ್ವಯಂವರದ ಛಾವಣಿ ಚಿತ್ರ ಎರಡನೆಯ ಗುಂಪಿಗೆ ಸೇರುತ್ತದೆ. ಅದನ್ನು ಸಾದೃಶ್ಯದ ತಕ್ಕಡಿಯಲ್ಲಿ ತೂಗುವುದು ಸಲ್ಲದು.

ಛಾವಣಿಯ ಚಿತ್ರ ಎಂಬ ಸಂಗತಿಗೂ ಅರ್ಥವಿದೆ. ನೋಡುಗ ನೆಲದ ಮೇಲೆ ನಿಂತು ಕೊರಳೆತ್ತಿ ನೋಡುತ್ತಾನೆ, ಅವನು ನೋಡುವ ಅರ್ಜುನ ಕೊರಳು ತಗ್ಗಿಸಿ ನೋಡಬೇಕಾದವನು. ಮೇಲಿರುವ ಮೀನನ್ನು ನೇರವಾಗಿ ನೋಡುವ ಅವಕಾಶ ಅರ್ಜುನನಿಗಿಲ್ಲ, ನೋಡುಗನಿಗಿದೆ. ಇದನ್ನು ಚಿತ್ರಕಾರ ಬೇಕೆಂದೇ ಹೂಡಿದನೆಂದು ಹೇಳಲು ಆಧಾರವಿಲ್ಲ. ವಿಜಯನಗರದ ದೇವಾಲಯಗಳಲ್ಲಿ ಚಿತ್ರಕ್ಕೆ ಛಾವಣಿಯೇ ಸಾಮಾನ್ಯ ಜಾಗ. ಆದರೆ ನೋಡುವ ಅನುಭವದಲ್ಲಿ ಈ ಎದುರುಬದುರು ಇದ್ದೇ ಇದೆ. ಗೋಡೆಗೆ ತೂಗುಹಾಕಿದ ಛಾಯಾಚಿತ್ರದಲ್ಲೋ ಪುಸ್ತಕದ ಪುಟದಲ್ಲೋ ಅದು ಕಳೆದುಹೋಗುತ್ತದೆ. ಪುಟದಲ್ಲಿ ಮಾತ್ರ ಕಂಡು ಈ ಚಿತ್ರವನ್ನು ವ್ಯಾಖ್ಯಾನಿಸುವವರು ಇದನ್ನು ನೆನಪಿಡಬೇಕು.

ಇನ್ನು ಮೀನಿನ ಮಾತು. ಗುರಿಯಾಗಿ ಹಕ್ಕಿಯನ್ನೋ ಹಣ್ಣನ್ನೋ ಇಡದೆ ಮೀನನ್ನೇ ಇಟ್ಟದ್ದೇಕೆ? ಶಿಷ್ಯರನ್ನು ಪರೀಕ್ಷಿಸಲು ದ್ರೋಣ ಮರದ ಮೇಲೆ ಇಟ್ಟದ್ದು ಹಕ್ಕಿಯನ್ನು. ಆ ಪರೀಕ್ಷೆ ನೇರ ನೋಟದ್ದು, ಮಿಕ್ಕದ್ದೇನೂ ಕಾಣದಂತೆ ನೋಡುವುದು. ಸ್ವಯಂವರ ಮದುವೆಯ ಮಂಟಪ. ಅಲ್ಲಿ ಮೀನಿಗೆ ಎರಡು ನಂಟುಗಳಿವೆ. ಹೆಣ್ಣಿನ ಕಣ್ಣನ್ನು ಮೀನಿಗೆ ಹೋಲಿಸುವುದು ಕಾವ್ಯದ ಹಳೆಯ ರೂಢಿ. ವಿಜಯನಗರದ ಚಿತ್ರಗಳ ಹೆಂಗಸರ ನೀಳವಾದ, ತುದಿ ಚೂಪಾದ ಕಣ್ಣು ಆ ರೂಢಿಯನ್ನೇ ಗೆರೆಯಲ್ಲಿ ತಂದಿದೆ. ಎರಡನೆಯದು, ಮೀನು ಮನ್ಮಥನ ಬಾವುಟ. ಮೀನನ್ನು ಕೆಡವಿದವನಿಗೆ ಹೆಣ್ಣು ಒಲಿಯುವುದೆಂದರೆ ಕಾಮನ ಬಾವುಟವನ್ನು ಗೆದ್ದವನಿಗೆ ಒಲಿದಂತೆ.

ಹಂಪಿಯ ಛಾವಣಿ ಈ ಓದನ್ನು ಗಟ್ಟಿಮಾಡುತ್ತದೆ. ಅಲ್ಲಿ ಬಿಲ್ಲು ಹಿಡಿದವರು ಮೂವರು. ತ್ರಿಪುರಗಳ ಮೇಲೆ ಬಾಣ ಹೂಡಿದ ಶಿವ, ಶಿವನ ಮೇಲೆ ಕಬ್ಬಿನ ಬಿಲ್ಲು ಎತ್ತಿದ ಮನ್ಮಥ, ಮೀನಿನ ಮೇಲೆ ಗುರಿಯಿಟ್ಟ ಅರ್ಜುನ. ಶಿವ ಹೂಡಿದ್ದು ತಪ್ಪಲಿಲ್ಲ, ಮನ್ಮಥ ಹೂಡಿ ಸುಟ್ಟುಹೋದ, ಅರ್ಜುನ ಹೂಡಿ ವಧುವನ್ನು ಪಡೆದ. ಅದೇ ಛಾವಣಿಯಲ್ಲಿ ಶಿವಪಾರ್ವತಿಯರ ಮದುವೆಯೂ ಸೀತಾರಾಮರ ಮದುವೆಯೂ ಇವೆ. ಬೇರೆ ಬೇರೆ ಕಥೆಗಳೆಂದು ಪಟ್ಟಿಮಾಡಿದರೆ ಈ ಸಂಬಂಧ ಕಾಣುವುದಿಲ್ಲ. ಒಂದೇ ಛಾವಣಿಯಡಿ ನಡೆಯುತ್ತ ಓದಿದವರಿಗೆ ಬಾಣ ಮತ್ತು ಮದುವೆ ಎಂಬ ಎರಡು ಎಳೆಗಳು ಹೆಣೆದುಕೊಂಡದ್ದು ಕಾಣುತ್ತದೆ. ಹಂಪಿಯಲ್ಲಿ ಪ್ರತಿವರ್ಷ ನಡೆಯುವ ಪಂಪಾ ವಿರೂಪಾಕ್ಷರ ಕಲ್ಯಾಣೋತ್ಸವಕ್ಕೆ ಸೇರುವ ಜನ ಈ ಚಿತ್ರಗಳ ಕೆಳಗೇ ಸುಳಿದಾಡುತ್ತಾರೆ.

ಸ್ವಯಂವರದ ಅರ್ಜುನ ಅರ್ಜುನನಾಗಿ ಬಂದವನಲ್ಲ ಎಂಬುದನ್ನೂ ಮರೆಯಬಾರದು. ಅರಗಿನ ಮನೆಯಿಂದ ಪಾರಾಗಿ ಬ್ರಾಹ್ಮಣ ವೇಷದಲ್ಲಿ ಬಂದು ಬ್ರಾಹ್ಮಣರ ನಡುವಿನಿಂದ ಎದ್ದವನು. ಸಭೆ ನೋಡುತ್ತಿರುವುದು ಅವನ ಹೊರರೂಪವನ್ನು, ಅವನು ನೋಡುತ್ತಿರುವುದು ಮೀನಿನ ಬಿಂಬವನ್ನು. ಆ ಸಭೆಯಲ್ಲಿ ಅವನನ್ನು ಗುರುತಿಸಿದವನು ಕೃಷ್ಣ. ಕಾಣುವುದು ಒಂದು, ಇರುವುದು ಇನ್ನೊಂದು ಎಂಬ ಸ್ಥಿತಿ ಮೀನಿನಲ್ಲೂ ಇದೆ, ಬಿಲ್ಲುಗಾರನಲ್ಲೂ ಇದೆ. ಚಿತ್ರದ ಸಂಕೇತಾರ್ಥ ಇಲ್ಲಿ ಆಳವಾಗುತ್ತದೆ. ಲೇಪಾಕ್ಷಿಯ ಅದೇ ಛಾವಣಿಯ ಇನ್ನೊಂದು ಪ್ರಸಂಗ, ಕಿರಾತಾರ್ಜುನ, ಇದರ ಮುಂದುವರಿಕೆ.

ಕಿರಾತಾರ್ಜುನದ ನೆಲ ಇಂದ್ರಕೀಲ. ಆಂಧ್ರದವರ ನಂಬಿಕೆಯಲ್ಲಿ ಆ ಬೆಟ್ಟ ವಿಜಯವಾಡದ್ದು. ಅಲ್ಲಿ ಕೃಷ್ಣೆಯ ದಂಡೆಯಲ್ಲಿ ಇಂದ್ರಕೀಲಾದ್ರಿ ಎದ್ದುನಿಂತಿದೆ. ಮೇಲೆ ಕನಕದುರ್ಗೆಯ ಗುಡಿ, ಪಕ್ಕದಲ್ಲಿ ಮಲ್ಲೇಶ್ವರ. ಅರ್ಜುನ ತಪಸ್ಸು ಮಾಡಿ ಪಾಶುಪತಾಸ್ತ್ರ ಪಡೆದದ್ದು ಇಲ್ಲೇ ಎಂದು ಸ್ಥಳಪುರಾಣ ಹೇಳುತ್ತದೆ, ಊರಿನ ಹೆಸರನ್ನೂ ವಿಜಯನೆಂಬ ಅವನ ಹೆಸರಿಗೆ ಜೋಡಿಸುತ್ತದೆ. ಕಿರಾತಾರ್ಜುನರ ಕಥೆಯನ್ನು ಕೆತ್ತಿದ ಹಳೆಯ ಕಂಬವೂ ಈ ಬೆಟ್ಟದಲ್ಲಿದೆ. ಕನ್ನಡಿಗರಿಗೂ ಈ ಕಥೆ ಹೊರಗಿನದಲ್ಲ. ಕಿರಾತಾರ್ಜುನೀಯ ಬರೆದ ಭಾರವಿಯ ಹೆಸರನ್ನು ಕಾಳಿದಾಸನ ಜೊತೆಗೆ ಕಲ್ಲಿನಲ್ಲಿ ಬರೆದದ್ದು 634ರ ಐಹೊಳೆ ಶಾಸನದ ರವಿಕೀರ್ತಿ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿಯೂ ಇಂದ್ರಕೀಲದ ಪ್ರಸಂಗವಿದೆ. ಪಂಪನ ಪೂರ್ವಿಕರು ವೆಂಗಿ ನಾಡಿನವರು, ಅಂದರೆ ವಿಜಯವಾಡದಿಂದ ಬಹಳ ದೂರವಲ್ಲದ ನೆಲದವರು.

ವನಪರ್ವದ ಕಥೆಯ ಪ್ರಕಾರ ಹಂದಿಯೊಂದಕ್ಕೆ ಅರ್ಜುನನ ಬಾಣವೂ ಕಿರಾತನ ಬಾಣವೂ ಒಟ್ಟಿಗೆ ನಾಟುತ್ತವೆ. ಯಾರ ಬೇಟೆ ಎಂಬ ಜಗಳ ಕೈಕೈ ಹತ್ತುತ್ತದೆ. ಸೋತ ಅರ್ಜುನ ಮಣ್ಣಿನಲ್ಲಿ ಶಿವನ ರೂಪ ಮಾಡಿ ಅದಕ್ಕೆ ಹೂಮಾಲೆ ಏರಿಸಿದಾಗ, ಆ ಮಾಲೆ ಎದುರಿಗೆ ನಿಂತ ಕಿರಾತನ ತಲೆಯ ಮೇಲೆ ಕಾಣಿಸುತ್ತದೆ. ಆಗ ಮಾತ್ರ ಅವನಿಗೆ ಗೊತ್ತಾಗುತ್ತದೆ, ಇವನು ಶಿವ ಎಂದು. ಮತ್ಸ್ಯಯಂತ್ರದಲ್ಲಿ ಪ್ರತಿಬಿಂಬವನ್ನು ನೋಡಿ ಮೂಲವನ್ನು ಹೊಡೆದವನು, ಇಂದ್ರಕೀಲದಲ್ಲಿ ಮೂಲವೇ ಎದುರಿಗೆ ನಿಂತಿದ್ದರೂ ಗುರುತಿಸಲಾರದೆ, ಪ್ರತಿಮೆಯ ಮೂಲಕ ಗುರುತಿಸಿದ. ಮೊದಲನೆಯದರಲ್ಲಿ ಜಾಣ್ಮೆ ಗೆದ್ದಿತು, ಎರಡನೆಯದರಲ್ಲಿ ಜಾಣ್ಮೆ ಸೋತು ಪೂಜೆ ಗೆದ್ದಿತು. ಶೈವ ದೇವಾಲಯದ ಛಾವಣಿಯಲ್ಲಿ ಈ ಎರಡು ಪ್ರಸಂಗಗಳೂ ಇರುವುದು ಅರ್ಥವಿಲ್ಲದ್ದಲ್ಲ. ಲೇಪಾಕ್ಷಿಯ ವ್ಯಾಖ್ಯಾನಗಳು ಬಹುಮಟ್ಟಿಗೆ ಹಂದಿಬೇಟೆಯ ಚಿತ್ರದ ಚಲನೆಯನ್ನು ಹೊಗಳಿ ನಿಲ್ಲುತ್ತವೆ. ಸ್ವಯಂವರದ ಜೊತೆಗೆ ಅದನ್ನು ಓದಿದಾಗಲೇ ಅದರ ಪೂರ್ತಿ ತೂಕ ತಿಳಿಯುವುದು.

ಅರ್ಜುನನೇ ಇನ್ನೊಬ್ಬರ ಬಿಂಬವಾಗಬಲ್ಲ ಎಂಬುದಕ್ಕೆ ಪಂಪನಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 941ರ ಸುಮಾರಿಗೆ ಅವನು ತನ್ನ ಆಶ್ರಯದಾತ, ವೇಮುಲವಾಡದ ಚಾಲುಕ್ಯ ಇಮ್ಮಡಿ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿ ಕಾವ್ಯ ಬರೆದ. ಅರಸನಿಗೆ ಹೊಂದಲೆಂದು ಕಥೆಯನ್ನೂ ತಿದ್ದಿದ. ಪಂಪನಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಹೀಗೆ ತಿದ್ದಿದಾಗ ಸ್ವಯಂವರ ಐವರ ಮದುವೆಗೆ ಪೀಠಿಕೆಯಾಗದೆ ಒಬ್ಬ ವೀರನ ಪಟ್ಟಾಭಿಷೇಕದಷ್ಟೇ ಘನವಾಯಿತು. ವಿಜಯನಗರದ ಚಿತ್ರಗಳಲ್ಲಿ ದೇವತೆಗಳೂ ರಾಜರೂ ಆ ಕಾಲದ ಉಡುಗೆಯಲ್ಲಿದ್ದಾರೆ. ಲೇಪಾಕ್ಷಿಯ ಗಂಡಸರ ತಲೆಯ ಮೇಲಿನ ಎತ್ತರದ ಕುಲ್ಲಾಯಿ, ಹೆಂಗಸರ ಸೀರೆಯ ಪಟ್ಟೆ, ಚೌಕಳಿ, ಹೂಬಳ್ಳಿಗಳು ಪಾಂಚಾಲ ದೇಶದವಲ್ಲ, ಪೆನುಗೊಂಡೆ ಸೀಮೆಯವು. ವೀರಭದ್ರನ ಪಾದದ ಬಳಿ ನಿಂತ ವಿರೂಪಣ್ಣ ವೀರಣ್ಣರ ಪರಿವಾರ ಹೊರಮಂಟಪದ ಕಥೆಗಳಲ್ಲಿನ ಜನರಂತೆಯೇ ಉಟ್ಟಿದೆ. ಹದಿನಾರನೆಯ ಶತಮಾನದ ನೋಡುಗರು ದ್ರುಪದನ ಸಭೆಯಲ್ಲಿ ತಮ್ಮ ಊರಿನವರನ್ನೇ ಕಂಡಿರಬೇಕು. ಈ ಅರ್ಥದಲ್ಲಿ ಛಾವಣಿಯೇ ಕನ್ನಡಿ.

ವೇದಾಂತದ ಬಿಂಬ ಪ್ರತಿಬಿಂಬ ವಾದಗಳನ್ನು ಈ ಚಿತ್ರಗಳಿಗೆ ಹೊಂದಿಸುವ ಆಸೆ ಸಹಜ. ಮಧ್ವರ ಮತದಲ್ಲಿ ಜೀವ ಹರಿಯ ಪ್ರತಿಬಿಂಬ. ಅದ್ವೈತದ ಒಂದು ಶಾಖೆಯೂ ಜೀವನನ್ನು ಪ್ರತಿಬಿಂಬವೆಂದೇ ವಿವರಿಸುತ್ತದೆ. ವಿದ್ಯಾರಣ್ಯರ ಹೆಸರಿನ ಪಂಚದಶಿಯಲ್ಲಿ ಚಿತ್ರದೀಪವೆಂಬ ಪ್ರಕರಣವೇ ಇದೆ. ತೊಳೆದ ಬಟ್ಟೆ, ಗಂಜಿ ಹಾಕಿದ ಬಟ್ಟೆ, ಗೆರೆ ಎಳೆದ ಬಟ್ಟೆ, ಬಣ್ಣ ತುಂಬಿದ ಬಟ್ಟೆ ಎಂಬ ನಾಲ್ಕು ಅವಸ್ಥೆಗಳಿಂದ ಅಲ್ಲಿ ಆತ್ಮದ ನಾಲ್ಕು ನಿಲುವುಗಳನ್ನು ತಿಳಿಸಲಾಗಿದೆ. ವಿದ್ಯಾರಣ್ಯರ ಮೆರವಣಿಗೆ ಹಂಪಿಯ ಅದೇ ಛಾವಣಿಯಲ್ಲಿದೆ ಎಂಬುದು ಈ ಆಸೆಗೆ ಇನ್ನಷ್ಟು ಇಂಬು ಕೊಡುತ್ತದೆ. ಆದರೂ ತಡೆ ಬೇಕು. ಮಠದಲ್ಲಿ ಓದಿದ್ದು ಮಂಟಪ ಬರೆದ ಕೈಗೆ ತಲುಪಿತ್ತೆಂದು ತೋರಿಸುವ ದಾಖಲೆ ಇಲ್ಲ. ನೋಡುಗರಲ್ಲಿ ಕೆಲವರು ಹಾಗೆ ಓದಿಕೊಂಡಿರಬಹುದು ಎಂದಷ್ಟೇ ಹೇಳಬಹುದು. ಸಂಕೇತವನ್ನು ಹುಡುಕುವವರು ಮೊದಲು ಆಕೃತಿಯ ನಿಲುವು, ಆಮೇಲೆ ಕಥೆಯ ಪಾಠ, ಆಮೇಲೆ ಅಕ್ಕಪಕ್ಕದ ಚಿತ್ರಗಳು, ಕೊನೆಗೆ ಶಾಸ್ತ್ರ ಎಂಬ ಕ್ರಮ ಹಿಡಿಯುವುದು ಕ್ಷೇಮ. ಕ್ರಮ ತಿರುವುಮುರುವಾದರೆ ಯಾವ ಚಿತ್ರದಿಂದಲೂ ಯಾವ ಅರ್ಥವನ್ನಾದರೂ ಹೊರಡಿಸಬಹುದು.

ಬೇಲೂರಿನ ದರ್ಪಣಸುಂದರಿ ಈ ಎಚ್ಚರಕ್ಕೆ ಒಳ್ಳೆಯ ಉದಾಹರಣೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಆ ದೇವಾಲಯದ ಮದನಿಕೆಯ ಕೈಯಲ್ಲಿ ಕನ್ನಡಿ ಇದೆ. ಅವಳನ್ನು ರಾಣಿ ಶಾಂತಲೆ ಎನ್ನುವವರಿದ್ದಾರೆ, ಆತ್ಮಾವಲೋಕನದ ಸಂಕೇತ ಎನ್ನುವವರೂ ಇದ್ದಾರೆ. ಕಲ್ಲು ತೋರಿಸುವುದು ಅಲಂಕಾರ ಮುಗಿಸಿ ನೋಡಿಕೊಳ್ಳುತ್ತಿರುವ ಹೆಣ್ಣನ್ನು. ಅವಳ ಕೊರಳಿನ ಬಾಗು, ಕನ್ನಡಿ ಹಿಡಿದ ತೋಳಿನ ಎತ್ತರ, ಸೊಂಟದ ತಿರುವು ಇವೇ ಅವಳ ಅರ್ಥ. ಮಿಕ್ಕದ್ದು ನೋಡುಗರ ಕೊಡುಗೆ.

ಲೇಪಾಕ್ಷಿಯ ದೇವಾಲಯ ಮತ್ತು ಏಕಶಿಲೆಯ ನಂದಿಯ ಹೆಸರು 2022ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಆದರೆ ಛಾವಣಿಯ ಗಾರೆ ಹಲವೆಡೆ ಉದುರಿದೆ, ಕೆಲವು ಆಕೃತಿಗಳಲ್ಲಿ ಬಣ್ಣ ಹೋಗಿ ಗೆರೆ ಮಾತ್ರ ಉಳಿದಿದೆ. ನೋಟದ ದಿಕ್ಕನ್ನು ಹೇಳುವ ಗೆರೆಯೂ ಅಳಿದರೆ ಪ್ರತಿಬಿಂಬದ ಅರ್ಥವನ್ನು ಮತ್ತೆ ಕಟ್ಟಲು ಸಾಧ್ಯವಿಲ್ಲ. ಪ್ರತಿಯೊಂದು ಪಟ್ಟಿಯನ್ನೂ ಗೆರೆಗೆರೆಯಾಗಿ ನಕಲು ಮಾಡಿ, ಗೋಡೆಯ ಕನ್ನಡ ಶಾಸನಗಳ ಪಾಠದೊಡನೆ, ಕನ್ನಡದಲ್ಲೂ ತೆಲುಗಿನಲ್ಲೂ ಅಚ್ಚುಮಾಡುವ ಕೆಲಸವನ್ನು ಎರಡೂ ರಾಜ್ಯಗಳ ವಿಶ್ವವಿದ್ಯಾಲಯಗಳು ಒಟ್ಟಾಗಿ ಕೈಗೆತ್ತಿಕೊಳ್ಳಬೇಕು.